ಕಾರು ವಿಮೆ: ಎರಡು ಪಾಲಿಸಿಗಳು ಎದುರಿಗಿರುವಾಗ ಮೊದಲು ಓದಬೇಕಾದುದು ಯಾವುದು?

ಹೊಸಹಾದಿ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ನನ್ನ ಕಾರಿಗೆ ಮೂರು ವರ್ಷ ತುಂಬುತ್ತಿದೆ, ವಿಮೆಯನ್ನು ನವೀಕರಿಸಲು ಎರಡು ವಾರ ಉಳಿದಿದೆ. ಕಾರು ಕೊಂಡ ದಿನ ಮಾರಾಟ ಮಳಿಗೆಯವರೇ ಮಾಡಿಸಿಕೊಟ್ಟ ಪಾಲಿಸಿಯನ್ನು ಇಲ್ಲಿಯವರೆಗೆ ಒಂದು ಪುಟವನ್ನೂ ಓದದೆ ಮುಂದುವರಿಸಿಕೊಂಡು ಬಂದಿದ್ದೇನೆ. ಈ ಸಲ ನಾನೇ ಕುಳಿತು ಹೋಲಿಸಿ ನೋಡಿದಾಗ ಕೊನೆಗೆ ಎರಡು ಪಾಲಿಸಿಗಳು ಉಳಿದವು. ಎರಡಕ್ಕೂ ‘ಸಮಗ್ರ ವಿಮೆ’ ಎಂದೇ ಹೆಸರಿದೆ, ಆದರೆ ಒಂದರ ಪ್ರೀಮಿಯಂ ಇನ್ನೊಂದರ ಮುಕ್ಕಾಲು ಭಾಗಕ್ಕಿಂತಲೂ ಕಡಿಮೆ ಇದೆ. ಒಂದೇ ಹೆಸರಿನ ಎರಡು ಪಾಲಿಸಿಗಳಲ್ಲಿ ಇಷ್ಟು ಅಂತರ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯುತ್ತಿಲ್ಲ. ಕಾರನ್ನು ನಾನೂ ನನ್ನ ತಮ್ಮನೂ ಓಡಿಸುತ್ತೇವೆ, ಸಾಲದ ಕಂತು ಇನ್ನೂ ಎರಡು ವರ್ಷ ಇದೆ, ಮೂರು ವರ್ಷಗಳಲ್ಲಿ ಒಂದೂ ಕ್ಲೇಮ್ ಮಾಡಿಲ್ಲ. ಯಾವ ಕಂಪನಿ ಒಳ್ಳೆಯದು ಎಂದು ನಾನು ಕೇಳುತ್ತಿಲ್ಲ. ಈ ಕಾಗದಗಳಲ್ಲಿ ಯಾವ ಸಾಲುಗಳನ್ನು ಹುಡುಕಿ ಓದಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿಕೊಡಬೇಕು.

ನಿವೃತ್ತ ಸರ್ವೇಯರ್

ಹೊಸಹಾದಿ ಅವರೇ, ಅಪಘಾತವಾದ ವಾಹನಗಳ ಹಾನಿಯನ್ನು ಅಂದಾಜು ಮಾಡುವ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ನನ್ನ ಮುಂದೆ ನಿಂತು ಕಣ್ಣೀರು ಹಾಕಿದವರಲ್ಲಿ ಹೆಚ್ಚಿನವರು ಪಾಲಿಸಿ ಇಲ್ಲದವರಾಗಿರಲಿಲ್ಲ, ಪಾಲಿಸಿ ಇದ್ದೂ ಅದರೊಳಗೆ ಏನಿದೆ ಎಂದು ಅಪಘಾತದ ನಂತರ ಮೊದಲ ಬಾರಿಗೆ ಓದಿದವರಾಗಿದ್ದರು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಥರ್ಡ್ ಪಾರ್ಟಿ ಹೊಣೆಯ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ, ಭಾಗವನ್ನು ಓದಿ. ನಿಮ್ಮ ಕಾರು ಪೂರ್ತಿ ಸುಟ್ಟುಹೋದರೂ ನಿಮಗಾಗುವ ನಷ್ಟಕ್ಕೆ ಒಂದು ಮೇಲ್ಮಿತಿ ಇದೆ, ಅದು ಆ ಕಾರಿನ ಬೆಲೆ. ಆದರೆ ನಿಮ್ಮ ಕಾರಿನಿಂದ ಇನ್ನೊಬ್ಬರ ಜೀವಕ್ಕೋ ಅಂಗಾಂಗಕ್ಕೋ ಹಾನಿಯಾದರೆ ಕೊಡಬೇಕಾಗುವ ಪರಿಹಾರಕ್ಕೆ ಅಂತಹ ಮೇಲ್ಮಿತಿಯೇನೂ ಇಲ್ಲ. ದುಡಿಯುವ ವಯಸ್ಸಿನ ಒಬ್ಬರು ಹಾಸಿಗೆ ಹಿಡಿದರೆ ಅವರ ಮುಂದಿನ ವರ್ಷಗಳ ಗಳಿಕೆ, ಚಿಕಿತ್ಸೆ, ಆರೈಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ, ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯ ಮೂಲಕ, ಭಾರತ ಈಗ ಜಾರಿಯಲ್ಲಿರುವ 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನ ಮೂಲಕ ಈ ಭಾಗವನ್ನು ಕಡ್ಡಾಯ ಮಾಡಿರುವುದು ಕಾರಿನ ಮಾಲೀಕರ ಹಿತಕ್ಕಾಗಿ ಅಲ್ಲ, ರಸ್ತೆಯಲ್ಲಿ ನಡೆದು ಹೋಗುವವರ ಹಿತಕ್ಕಾಗಿ. ಪರಿಹಾರಕ್ಕೆ ಪಾಲಿಸಿಯಲ್ಲಿ ಮಿತಿ ಇದೆಯೇ, ಇದ್ದರೆ ದೇಹಕ್ಕಾದ ಹಾನಿಗೆ ಎಷ್ಟು, ಆಸ್ತಿಗಾದ ಹಾನಿಗೆ ಎಷ್ಟು ಎಂಬುದನ್ನು ನೋಡಿ.

ಎರಡನೆಯದು, ಕಾರಿಗೆ ಪಾಲಿಸಿಯಲ್ಲಿ ನಮೂದಿಸಿರುವ ಮೌಲ್ಯ. ಕಾರು ಕಳುವಾದಾಗ ಅಥವಾ ದುರಸ್ತಿಗೆ ನಿಲುಕದಷ್ಟು ನಜ್ಜುಗುಜ್ಜಾದಾಗ ಕೈಗೆ ಬರುವುದು ಈ ಮೊತ್ತದ ಆಧಾರದ ಮೇಲೆ. ಕೆಲವು ಪಾಲಿಸಿಗಳು ಆರಂಭದಲ್ಲಿಯೇ ಒಂದು ಮೌಲ್ಯವನ್ನು ಒಪ್ಪಿ ಬರೆದುಕೊಳ್ಳುತ್ತವೆ, ಕೆಲವು ‘ಹಾನಿಯಾದ ದಿನದ ಮಾರುಕಟ್ಟೆ ಬೆಲೆ’ ಎಂದು ಬರೆಯುತ್ತವೆ. ಎರಡನೆಯ ರೀತಿಯಲ್ಲಿ ಆ ದಿನದ ಬೆಲೆ ಎಷ್ಟು ಎಂಬ ವಾದ ನಿಮ್ಮ ಕೊರಳಿಗೆ ಬೀಳುತ್ತದೆ. ಪ್ರೀಮಿಯಂ ಕಡಿಮೆ ಕಾಣಿಸುವ ಅತಿ ಸುಲಭದ ದಾರಿಯೆಂದರೆ ಈ ಮೌಲ್ಯವನ್ನು ಇಳಿಸುವುದು. ನಿಮ್ಮ ಎರಡು ಪಾಲಿಸಿಗಳಲ್ಲಿ ಇದು ಒಂದೇ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ನೀವು ಎರಡು ಬೇರೆ ವಸ್ತುಗಳ ಬೆಲೆಯನ್ನು ಹೋಲಿಸುತ್ತಿದ್ದೀರಿ.

ಮೂರನೆಯದು ಬಿಡಿಭಾಗಗಳ ಸವಕಳಿ. ದುರಸ್ತಿಯಲ್ಲಿ ಹಳೆಯ ಭಾಗ ತೆಗೆದು ಹೊಸದನ್ನು ಹಾಕಿದಾಗ, ಹಳೆಯದು ಸವೆದಿದ್ದ ಮಟ್ಟಿಗೆ ನೀವು ಲಾಭ ಪಡೆದಿರಿ ಎಂದು ಲೆಕ್ಕ ಹಾಕಿ ಆ ಪಾಲನ್ನು ಕಳೆಯುವ ಪದ್ಧತಿ ಇದು. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕೋಷ್ಟಕದ ಪ್ರಕಾರ ರಬ್ಬರ್, ಪ್ಲಾಸ್ಟಿಕ್, ಟೈರು ಮತ್ತು ಬ್ಯಾಟರಿಗೆ ಶೇ. 50, ಫೈಬರ್ ಗ್ಲಾಸ್‌ಗೆ ಶೇ. 30 ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸು ಮೂರು ದಾಟಿ ನಾಲ್ಕರೊಳಗಿದ್ದರೆ ಶೇ. 25. ಈಗಿನ ಕಾರುಗಳ ಮುಂಭಾಗದಲ್ಲಿ ಬಂಪರ್, ಗ್ರಿಲ್, ದೀಪದ ಕವಚ ಹೀಗೆ ಮೊದಲು ಪೆಟ್ಟು ತಿನ್ನುವುದೆಲ್ಲ ಪ್ಲಾಸ್ಟಿಕ್ಕೇ ಆಗಿರುವುದರಿಂದ ಈ ಶೇ. 50 ಬಹಳ ಭಾರವಾಗಿ ಬೀಳುತ್ತದೆ. ಸವಕಳಿ ಕಡಿತವಿಲ್ಲದ ಹೆಚ್ಚುವರಿ ರಕ್ಷಣೆ ದುಬಾರಿ ಪಾಲಿಸಿಯಲ್ಲಿ ಸೇರಿದ್ದು ಅಗ್ಗದ ಪಾಲಿಸಿಯಲ್ಲಿ ಇಲ್ಲದಿದ್ದರೆ, ಅಂತರದ ದೊಡ್ಡ ಪಾಲು ಅಲ್ಲಿಯೇ ಸಿಕ್ಕೀತು.

ಹಳೇಗಾಡಿ

ಸವಕಳಿ ರಹಿತ ರಕ್ಷಣೆಯ ಬಗ್ಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ನನ್ನ ಕಾರಿಗೆ ಹನ್ನೊಂದು ವರ್ಷ. ಅದಕ್ಕೆ ಅಂತಹ ರಕ್ಷಣೆ ಸಿಗುವುದೇ ಕಷ್ಟ, ಸಿಕ್ಕರೂ ಕಾರಿನ ಮೌಲ್ಯಕ್ಕೆ ಹೋಲಿಸಿದರೆ ಅದರ ಪ್ರೀಮಿಯಂ ವಿಪರೀತವಾಗುತ್ತದೆ. ಕಾರು ಪೂರ್ತಿ ಹೋದರೂ ನನ್ನ ಸಂಸಾರ ಅಲುಗಾಡದು ಎಂಬ ಹಂತಕ್ಕೆ ಬಂದ ಮೇಲೆ ಸ್ವಂತ ಹಾನಿಯ, ಅಂದರೆ ಅಪಘಾತದಲ್ಲಿ ನನ್ನದೇ ಕಾರಿಗಾಗುವ ಹಾನಿಯ, ಭಾಗವನ್ನೇ ಕೈಬಿಟ್ಟು ಹೊಣೆಯ ವಿಮೆಯ ಜೊತೆಗೆ ಬೆಂಕಿ ಮತ್ತು ಕಳವಿಗೆ ಮಾತ್ರ ರಕ್ಷಣೆ ಪಡೆದಿದ್ದೇನೆ. ಎಲ್ಲರಿಗೂ ಸಮಗ್ರವೇ ಬೇಕು ಎಂಬ ಅಭಿಪ್ರಾಯ ಇಲ್ಲಿ ಮೂಡಬಾರದೆಂದು ಬರೆದೆ.

ನಿವೃತ್ತ ಸರ್ವೇಯರ್

ಹಳೇಗಾಡಿ ಅವರ ಮಾತು ಸರಿಯಾಗಿದೆ. ಹನ್ನೊಂದು ವರ್ಷದ ಕಾರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಸಾಲವಿರುವ ಮೂರು ವರ್ಷದ ಕಾರಿಗೆ ಮಾತ್ರ ಆ ತೀರ್ಮಾನ ಒಪ್ಪುವುದಿಲ್ಲ, ಏಕೆಂದರೆ ಕಾರು ಹೋದರೂ ಸಾಲ ಹೋಗುವುದಿಲ್ಲ. ಉಳಿದ ಸಾಲ ಕಾರಿನ ನಮೂದಿತ ಮೌಲ್ಯಕ್ಕಿಂತ ಹೆಚ್ಚಿದೆಯೇ ಎಂದು ಹೊಸಹಾದಿ ಅವರು ಬ್ಯಾಂಕಿನ ಲೆಕ್ಕಪತ್ರ ತೆಗೆದು ನೋಡುವುದು ಒಳ್ಳೆಯದು. ಹೆಚ್ಚಿದ್ದರೆ ಆ ಅಂತರವನ್ನು ತುಂಬುವ ಪ್ರತ್ಯೇಕ ರಕ್ಷಣೆಗೆ ಅರ್ಥವಿದೆ, ಇಲ್ಲದಿದ್ದರೆ ಅದಕ್ಕೆ ಹಣ ಕೊಡುವ ಅಗತ್ಯವಿಲ್ಲ.

ಹೊರನಾಡಿಗ

ನಾನು ಬೇರೆ ಬೇರೆ ದೇಶಗಳಲ್ಲಿ ಕಾರು ಓಡಿಸಿದ್ದೇನೆ. ‘ಸಮಗ್ರ’ ಎಂಬ ಒಂದೇ ಪದ ಎಲ್ಲೆಡೆ ಒಂದೇ ಅರ್ಥ ಕೊಡುವುದಿಲ್ಲ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಜರ್ಮನಿಯಲ್ಲಿ ಕಡ್ಡಾಯ ಹೊಣೆಯ ವಿಮೆಯ ಮೇಲೆ ‘ಟೈಲ್‌ಕಾಸ್ಕೊ’ ಎಂಬ ಭಾಗಶಃ ರಕ್ಷಣೆ, ಅದರ ಮೇಲೆ ‘ಫೋಲ್‌ಕಾಸ್ಕೊ’ ಎಂಬ ಪೂರ್ಣ ರಕ್ಷಣೆ ಎಂದು ಮೆಟ್ಟಿಲುಗಳಿವೆ; ಕಳವು, ಬೆಂಕಿ, ಆಲಿಕಲ್ಲು, ಗಾಜು ಮೊದಲ ಮೆಟ್ಟಿಲಿನಲ್ಲಿ ಬರುತ್ತವೆ, ನಿಮ್ಮದೇ ತಪ್ಪಿನಿಂದ ನಿಮ್ಮ ಕಾರಿಗಾದ ಹಾನಿ ಎರಡನೆಯದರಲ್ಲಿ ಮಾತ್ರ. ಅಮೆರಿಕದಲ್ಲಿ ‘ಕಾಂಪ್ರಿಹೆನ್ಸಿವ್’ ಎಂದರೆ ಡಿಕ್ಕಿಯನ್ನು ಬಿಟ್ಟು ಉಳಿದ ಹಾನಿ, ಡಿಕ್ಕಿಗೆ ಬೇರೆಯೇ ರಕ್ಷಣೆ ಕೊಳ್ಳಬೇಕು. ನಮ್ಮವರು ಅಲ್ಲಿಗೆ ಹೋದ ಹೊಸತರಲ್ಲಿ ಸಮಗ್ರ ವಿಮೆ ಇದೆಯೆಂದು ನಂಬಿ ಡಿಕ್ಕಿಯ ರಕ್ಷಣೆಯನ್ನು ಬಿಟ್ಟುಬಿಡುವುದುಂಟು. ಅಲ್ಲಿನ ಪಾಲಿಸಿಗಳಲ್ಲಿ 25/50/25 ಎಂಬಂತಹ ಮೂರು ಅಂಕಿಗಳು ಕಾಣಿಸುತ್ತವೆ. ಮೊದಲನೆಯದು ಗಾಯಗೊಂಡ ಒಬ್ಬ ವ್ಯಕ್ತಿಗೆ, ಎರಡನೆಯದು ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ, ಮೂರನೆಯದು ಆಸ್ತಿ ಹಾನಿಗೆ ಸಿಗುವ ಮಿತಿ, ಸಾವಿರ ಡಾಲರ್‌ಗಳಲ್ಲಿ. ಕಾನೂನಿನ ಕನಿಷ್ಠ ಮಿತಿಯನ್ನೇ ಸಾಕಷ್ಟು ಎಂದು ತಿಳಿಯಬಾರದು. ಮಿತಿಯನ್ನು ಮೀರಿದ ಪರಿಹಾರವನ್ನು ಚಾಲಕರೇ ತಮ್ಮ ಆಸ್ತಿಯಿಂದ ಕೊಡಬೇಕಾಗಬಹುದು.

ಮಳೆಗಾಲ

ನನ್ನ ಅನುಭವವನ್ನು ಹೇಳಿದರೆ ಯಾರಿಗಾದರೂ ಉಪಯೋಗವಾದೀತು. ನನ್ನ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಒಂದು ಸಂಜೆ ನೀರು ನಿಂತ ರಸ್ತೆಯಲ್ಲಿ ಕಾರು ನಿಂತುಹೋಯಿತು. ಮನೆಯಲ್ಲಿ ಕಾಯುತ್ತಿದ್ದವರ ಚಿಂತೆಯಿಂದ ನಾನು ಎರಡು ಮೂರು ಸಲ ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಲು ಪ್ರಯತ್ನಿಸಿದೆ. ಕ್ಲೇಮ್ ಮಾಡಿದಾಗ ಆಸನ, ನೆಲಹಾಸು, ವೈರಿಂಗ್ ಇವುಗಳ ಖರ್ಚನ್ನು ಕಂಪನಿ ಒಪ್ಪಿಕೊಂಡಿತು, ಎಂಜಿನ್‌ನ ಖರ್ಚನ್ನು ನಿರಾಕರಿಸಿತು. ಇಡೀ ಬಿಲ್ಲಿನಲ್ಲಿ ಅತಿ ದೊಡ್ಡ ಮೊತ್ತ ಅದೇ ಆಗಿತ್ತು. ‘ಪರಿಣಾಮವಾಗಿ ಉಂಟಾದ ಹಾನಿ’ ಎಂಬ ಎರಡು ಮೂರು ಪದಗಳನ್ನು ತೋರಿಸಿ ಪತ್ರ ಕಳುಹಿಸಿದರು. ಪ್ರವಾಹ ಸೇರಿದ್ದರೂ ಪ್ರವಾಹದಿಂದ ಕೆಟ್ಟ ಎಂಜಿನ್ ಏಕೆ ಸೇರುವುದಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ಪ್ರಶ್ನೆಯಾಗಿ ಉಳಿದಿದೆ.

ನಿವೃತ್ತ ಸರ್ವೇಯರ್

ಮಳೆಗಾಲ ಅವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಅದರ ಹಿಂದಿನ ಕಾರಣವನ್ನು ಹೇಳುತ್ತೇನೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಒತ್ತಿ ಕುಗ್ಗಿಸುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಗಾಳಿ ಎಳೆದುಕೊಳ್ಳುವ ಕೊಳವೆಯ ಮೂಲಕ ನೀರು ಒಳಗೆ ಸೇರಿದ್ದಾಗ ಕೀಲಿ ತಿರುಗಿಸಿದರೆ ಪಿಸ್ಟನ್ ಆ ನೀರಿಗೆ ಹೋಗಿ ಒತ್ತುತ್ತದೆ, ಆಗ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಎಂಬ ಸರಳು ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ಕಾರು ನೀರಿನಲ್ಲಿ ನಿಂತದ್ದು ಅಪಘಾತ, ರಾಡ್ ಬಾಗಿದ್ದು ಆಮೇಲೆ ಚಾಲಕರು ಮಾಡಿದ ಕೆಲಸದ ಪರಿಣಾಮ ಎಂದು ವಿಮಾ ಕಂಪನಿ ವಾದಿಸುತ್ತದೆ. ಎಂಜಿನ್ ಬಿಚ್ಚಿದಾಗ ಬಾಗಿದ ರಾಡ್ ಕಂಡರೆ, ಒಳಗೆ ನೀರಿದ್ದಾಗಲೇ ಎಂಜಿನ್ ತಿರುಗಿತ್ತು ಎಂಬುದು ನಮ್ಮಂತಹವರಿಗೆ ಗೊತ್ತಾಗುತ್ತದೆ. ಆದರೆ ಅದು ಓಡುತ್ತಿರುವಾಗಲೇ ಆದದ್ದೋ, ನಿಂತ ಮೇಲೆ ಕೀಲಿ ತಿರುಗಿಸಿದಾಗ ಆದದ್ದೋ ಎಂಬುದನ್ನು ರಾಡ್ ಒಂದೇ ಹೇಳಲಾರದು. ಆ ಅನುಮಾನದ ಲಾಭ ಪಾಲಿಸಿದಾರರಿಗೆ ಸಿಗಬೇಕೆಂದು ನಾನು ನಂಬಿದವನು. ನೀರು ನಿಲ್ಲುವ ದಾರಿಯಲ್ಲಿ ನಿತ್ಯ ಓಡಾಡುವವರು ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಅದು ಇರಲಿ ಇಲ್ಲದಿರಲಿ, ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಯತ್ನಿಸದೆ ಎಳೆಸಿಕೊಂಡೇ ಹೋಗಬೇಕು.

ಹೊಸಹಾದಿ ಅವರೇ, ಪಾಲಿಸಿಯಲ್ಲಿ ಏನೇನು ಸೇರಿದೆ ಎಂಬ ಪುಟ ಯಾವಾಗಲೂ ಆಕರ್ಷಕವಾಗಿರುತ್ತದೆ. ನೀವು ನಿಧಾನವಾಗಿ ಓದಬೇಕಾದುದು ‘ಹೊರತುಗಳು’ ಎಂಬ ಪುಟವನ್ನು.

ಲೆಕ್ಕಿಗ

ಇದುವರೆಗೆ ಯಾರೂ ಮುಟ್ಟದ ಎರಡು ಲೆಕ್ಕಗಳಿವೆ.

ಮೊದಲನೆಯದು ಸ್ವಯಂಪ್ರೇರಿತ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲಿ ಇಷ್ಟು ಮೊತ್ತವನ್ನು ನಾನೇ ಭರಿಸುತ್ತೇನೆ ಎಂದು ನೀವು ಒಪ್ಪಿಕೊಳ್ಳುವುದು. ವಾರ್ಷಿಕ ಪ್ರೀಮಿಯಂ 100 ಎಂದಿಟ್ಟುಕೊಳ್ಳಿ. 60ರಷ್ಟು ಕಡಿತವನ್ನು ಒಪ್ಪಿಕೊಂಡರೆ ಪ್ರೀಮಿಯಂ 88ಕ್ಕೆ ಇಳಿಯುತ್ತದೆ ಎನ್ನೋಣ. ವರ್ಷಕ್ಕೆ 12 ಉಳಿತಾಯವಾದರೆ 60 ಕೂಡಲು ಐದು ವರ್ಷ ಬೇಕು. ಐದು ವರ್ಷದಲ್ಲಿ ಒಂದಕ್ಕಿಂತ ಕಡಿಮೆ ಕ್ಲೇಮ್ ಮಾಡುವವರಿಗೆ ಇದು ಲಾಭ, ಹೆಚ್ಚು ಮಾಡುವವರಿಗೆ ನಷ್ಟ. ಜೊತೆಗೆ, ಅಪಘಾತವಾದ ತಿಂಗಳಲ್ಲಿ ಆ 60ನ್ನು ಸಾಲ ಮಾಡದೆ ಹೊಂದಿಸಬಲ್ಲಿರಾ ಎಂಬುದನ್ನೂ ಕೇಳಿಕೊಳ್ಳಬೇಕು. ಹೋಲಿಕೆ ಮಾಡುವ ಜಾಲತಾಣಗಳಲ್ಲಿ ಕೆಲವು ಪಾಲಿಸಿಗಳು ಈ ಕಡಿತವನ್ನು ಮೊದಲೇ ಸೇರಿಸಿಕೊಂಡು ಕಡಿಮೆ ಬೆಲೆ ತೋರಿಸುವುದುಂಟು, ಆ ಗುರುತು ಹಾಕಿದೆಯೇ ನೋಡಿ.

ಎರಡನೆಯದು ನೋ ಕ್ಲೇಮ್ ಬೋನಸ್. ಭಾರತದಲ್ಲಿ ರೂಢಿಯಲ್ಲಿರುವ ಏಣಿಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ನಂತರ 25, 35, 45, ಐದನೆಯ ವರ್ಷಕ್ಕೆ 50. ಮೂರು ವರ್ಷ ಕ್ಲೇಮ್ ಮಾಡದ ಹೊಸಹಾದಿ ಅವರಂತಹವರು ಶೇ. 35ರ ಮೆಟ್ಟಿಲಿನಲ್ಲಿದ್ದಾರೆ. ನಾಲ್ಕನೆಯ ವರ್ಷದಲ್ಲಿ ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷಗಳಲ್ಲಿ ಅವರಿಗೆ ಸಿಗುವುದು 0, 20, 25, 35, 45, 50. ಮಾಡದಿದ್ದರೆ ಸಿಗುತ್ತಿದ್ದದ್ದು 45, ಆಮೇಲೆ ಪ್ರತಿ ವರ್ಷ 50. ವರ್ಷವರ್ಷದ ವ್ಯತ್ಯಾಸಗಳನ್ನು ಕೂಡಿದರೆ 45, 30, 25, 15, 5, ಒಟ್ಟು 120. ಅಂದರೆ ಮೂಲ ಪ್ರೀಮಿಯಂ ಬದಲಾಗದೆ ಉಳಿಯುತ್ತದೆ, ಮುಂದೆ ಬೇರೆ ಕ್ಲೇಮ್ ಆಗುವುದಿಲ್ಲ ಎಂದಿಟ್ಟುಕೊಂಡರೆ, ಒಂದು ಕ್ಲೇಮಿನ ಬೆಲೆ ಸ್ವಂತ ಹಾನಿಯ ವಾರ್ಷಿಕ ಪ್ರೀಮಿಯಂನ ಸುಮಾರು 1.2 ಪಟ್ಟು. ಅದಕ್ಕಿಂತ ಚಿಕ್ಕ ದುರಸ್ತಿಯನ್ನು ಕೈಯಿಂದಲೇ ಮಾಡಿಸುವುದು ಮೇಲು. ಈ ಲೆಕ್ಕ ಒಪ್ಪಿಗೆಯಾದರೆ ಇನ್ನೊಂದೂ ಒಪ್ಪಿಗೆಯಾಗಬೇಕು: ಚಿಕ್ಕ ಗೀರುಗಳಿಗೆ ಹೇಗೂ ಕ್ಲೇಮ್ ಮಾಡದವರು ಸಣ್ಣ ಕಡಿತದ ದುಬಾರಿ ಪಾಲಿಸಿಗೆ ಏಕೆ ಹಣ ಕೊಡಬೇಕು?

ಹೊಸಹಾದಿ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಎರಡೂ ಪಾಲಿಸಿಗಳ ಪೂರ್ಣ ಕರಾರುಪತ್ರಗಳನ್ನು ತರಿಸಿಕೊಂಡು ಓದಿದೆ. ಅಗ್ಗದ ಪಾಲಿಸಿಯಲ್ಲಿ ಕಾರಿನ ಮೌಲ್ಯವನ್ನು ಇನ್ನೊಂದಕ್ಕಿಂತ ಎಂಟನೆಯ ಒಂದು ಭಾಗದಷ್ಟು ಕಡಿಮೆ ನಮೂದಿಸಲಾಗಿದೆ, ಸವಕಳಿ ಕಡಿತವಿದೆ, ಲೆಕ್ಕಿಗ ಅವರು ಹೇಳಿದಂತೆ ಸ್ವಯಂಪ್ರೇರಿತ ಕಡಿತದ ಗುರುತು ನಾನು ಕೇಳದೆಯೇ ಬಿದ್ದಿದೆ. ಇವೆಲ್ಲವನ್ನೂ ಸರಿಸಮ ಮಾಡಿ ಮತ್ತೆ ಬೆಲೆ ಕೇಳಿದಾಗ ಅಂತರ ಬಹಳ ಕುಗ್ಗಿತು. ಆದರೆ ದುಬಾರಿ ಪಾಲಿಸಿಯಲ್ಲಿಯೂ ಕೀಲಿ ಕಳೆದುಹೋದರೆ ರಕ್ಷಣೆ, ಟೈರಿನ ರಕ್ಷಣೆ, ಕಾರಿನಲ್ಲಿಟ್ಟ ವಸ್ತುಗಳ ರಕ್ಷಣೆ ಎಂದು ನನಗೆ ಬೇಡವಾದ ಹಲವು ಸೇರಿವೆ.

ಇನ್ನೆರಡು ಪ್ರಶ್ನೆಗಳಿವೆ. ನನ್ನ ತಮ್ಮ ವಾರಾಂತ್ಯದಲ್ಲಿ ಆ್ಯಪ್ ಒಂದರ ಮೂಲಕ ಈ ಕಾರಿನಲ್ಲಿಯೇ ಬಾಡಿಗೆಗೆ ಜನರನ್ನು ಕರೆದೊಯ್ಯುವ ಯೋಚನೆಯಲ್ಲಿದ್ದಾನೆ. ಅಪರೂಪಕ್ಕೆ ಮಾಡುವ ಕೆಲಸವಾದ್ದರಿಂದ ಹೇಳಬೇಕಿಲ್ಲ ಎಂಬುದು ಅವನ ಅಭಿಪ್ರಾಯ. ಎರಡನೆಯದು, ಎರಡೂ ಕಂಪನಿಗಳು ತಮ್ಮ ಕ್ಲೇಮ್ ಇತ್ಯರ್ಥದ ಪ್ರಮಾಣ ಬಹಳ ಹೆಚ್ಚೆಂದು ಜಾಹೀರಾತಿನಲ್ಲಿ ತೋರಿಸುತ್ತವೆ. ಅದನ್ನು ಎಷ್ಟು ನಂಬಬಹುದು?

ಕಾನೂನು ಓದುಗ

ತಮ್ಮನ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ದಯವಿಟ್ಟು ಮುಚ್ಚಿಡಬೇಡಿ. ವಿಮೆಯ ಒಪ್ಪಂದ ಪರಮ ವಿಶ್ವಾಸದ ಒಪ್ಪಂದ ಎಂಬ ತತ್ತ್ವ ಬಹಳ ಹಳೆಯದು. 1766ರ ಕಾರ್ಟರ್ ಮತ್ತು ಬೋಹ್ಮ್ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅದನ್ನು ಪ್ರತಿಪಾದಿಸಿದರು. ಅಪಾಯವನ್ನು ಅಳೆಯಲು ಬೇಕಾದ ಸಂಗತಿಗಳು ವಿಮೆ ಮಾಡಿಸುವವರಿಗೆ ಮಾತ್ರ ಗೊತ್ತಿರುವುದರಿಂದ ಅವನ್ನು ತಿಳಿಸುವುದು ಅವರ ಹೊಣೆ ಎಂಬುದು ಅದರ ತಿರುಳು. ಬ್ರಿಟನ್ 2012ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಸಾಮಾನ್ಯ ಗ್ರಾಹಕರ ಮೇಲಿನ ಈ ಭಾರವನ್ನು ಹಗುರಗೊಳಿಸಿತು. ಕೇಳಿದ ಪ್ರಶ್ನೆಗೆ ಎಚ್ಚರದಿಂದ ಸತ್ಯವಾದ ಉತ್ತರ ಕೊಟ್ಟರೆ ಅಲ್ಲಿ ಈಗ ಸಾಕು. ಆದರೆ ಖಾಸಗಿ ಬಳಕೆಯೋ ಬಾಡಿಗೆಯೋ ಎಂಬುದು ಬಹುತೇಕ ಎಲ್ಲ ಅರ್ಜಿಗಳಲ್ಲಿಯೂ ನೇರವಾಗಿ ಕೇಳುವ ಪ್ರಶ್ನೆ. ಖಾಸಗಿ ಬಳಕೆಯ ಪಾಲಿಸಿಯಲ್ಲಿ ಬಾಡಿಗೆಯ ಓಡಾಟ ಸಾಮಾನ್ಯವಾಗಿ ಹೊರತುಗಳ ಮೊದಲ ಸಾಲುಗಳಲ್ಲಿಯೇ ಇರುತ್ತದೆ. ವಾಹನದ ನೋಂದಣಿ ಮತ್ತು ಪರವಾನಗಿಯ ನಿಯಮಗಳೂ ಅದಕ್ಕೆ ಬೇರೆಯಾಗಿರಬಹುದು. ವಾರಕ್ಕೆ ಒಂದೇ ಸಲ ಓಡಿಸಿದರೂ ಅಪಘಾತ ಆ ಒಂದು ಸಲವೇ ಆದರೆ ಕಂಪನಿ ಕೈ ತೊಳೆದುಕೊಳ್ಳಬಹುದು. ತಮ್ಮನೇ ಹೆಚ್ಚು ಓಡಿಸುವವನಾಗಿದ್ದರೆ, ಮುಖ್ಯ ಚಾಲಕ ಯಾರು ಎಂದು ಕೇಳುವ ಪಾಲಿಸಿಗಳಲ್ಲಿ ಅದನ್ನೂ ಇದ್ದಂತೆಯೇ ಬರೆಯಿರಿ.

ನಿವೃತ್ತ ಸರ್ವೇಯರ್

ಇತ್ಯರ್ಥದ ಪ್ರಮಾಣದ ಬಗ್ಗೆ: ಆ ಅಂಕಿ ಎಷ್ಟು ಕ್ಲೇಮ್‌ಗಳು ಇತ್ಯರ್ಥವಾದವು ಎಂದು ಎಣಿಸುತ್ತದೆ, ಕೇಳಿದ್ದರಲ್ಲಿ ಎಷ್ಟು ಕೊಟ್ಟರು ಎಂಬುದನ್ನು ಹೇಳುವುದಿಲ್ಲ. 100 ಕೇಳಿದವರಿಗೆ 40 ಕೊಟ್ಟರೂ ಅದು ಇತ್ಯರ್ಥವಾದ ಕ್ಲೇಮೇ. ನಾನು ಅದಕ್ಕಿಂತ ಹೆಚ್ಚಿನ ತೂಕ ಕೊಡುವುದು ನಿಮ್ಮ ಮನೆಗೆ ಹತ್ತಿರದ, ನಿಮಗೆ ನಂಬಿಕೆಯಿರುವ ಗ್ಯಾರೇಜಿಗೆ. ಅವರು ಆ ಕಂಪನಿಯ ನಗದುರಹಿತ ಜಾಲದಲ್ಲಿದ್ದಾರೆಯೇ, ಅಂದರೆ ವಿಮೆಯ ಪಾಲನ್ನು ಕಂಪನಿಯೇ ನೇರವಾಗಿ ಅವರಿಗೆ ಕೊಡುತ್ತದೆಯೇ ಎಂದು ಕೇಳಿ. ಸರ್ವೇಯರ್ ಬಂದು ನೋಡಲು ಎಷ್ಟು ದಿನ ಹಿಡಿಯುತ್ತದೆ, ಅನುಮೋದಿಸುವ ಬಿಡಿಭಾಗಗಳು ತಯಾರಕರವೇ ಅಥವಾ ಬೇರೆಯವರವೇ ಎಂದೂ ಕೇಳಿ. ಗ್ಯಾರೇಜಿನ ಬಿಲ್ಲು ಬರೆಯುವವರು ಪ್ರತಿ ವಾರ ಎಲ್ಲ ಕಂಪನಿಗಳ ಜೊತೆ ವ್ಯವಹರಿಸುತ್ತಾರೆ; ಅವರಿಗೆ ಗೊತ್ತಿರುವಷ್ಟು ಯಾವ ಜಾಹೀರಾತೂ ಹೇಳದು.

ಹೊಸಹಾದಿ

ಈ ಚರ್ಚೆಯನ್ನು ಓದಿದವರಿಗೆ ನನ್ನ ತೀರ್ಮಾನ ತಿಳಿಸುವುದು ಕರ್ತವ್ಯವೆಂದು ಬರೆಯುತ್ತಿದ್ದೇನೆ. ದುಬಾರಿ ಪಾಲಿಸಿಯನ್ನೇ ಆಯ್ದುಕೊಂಡೆ, ಆದರೆ ಅವರು ಕೊಟ್ಟ ರೂಪದಲ್ಲಿ ಅಲ್ಲ. ಸವಕಳಿ ರಹಿತ ರಕ್ಷಣೆ ಮತ್ತು ಎಂಜಿನ್ ರಕ್ಷಣೆಯನ್ನು ಉಳಿಸಿಕೊಂಡು, ಕೀಲಿ, ಟೈರು ಮತ್ತು ವಸ್ತುಗಳ ರಕ್ಷಣೆಯನ್ನು ತೆಗೆಸಿದೆ. ಉಳಿದ ಸಾಲ ಕಾರಿನ ಮೌಲ್ಯಕ್ಕಿಂತ ಕಡಿಮೆಯೇ ಇದ್ದುದರಿಂದ ಸಾಲದ ಅಂತರ ತುಂಬುವ ರಕ್ಷಣೆಯನ್ನು ಕೊಳ್ಳಲಿಲ್ಲ. ಲೆಕ್ಕಿಗ ಅವರ ಲೆಕ್ಕವನ್ನು ನನ್ನ ಅಂಕಿಗಳಿಂದ ಮಾಡಿ ನೋಡಿ, ಸಾಲವಿಲ್ಲದೆ ಹೊಂದಿಸಬಲ್ಲಷ್ಟು ಸ್ವಯಂಪ್ರೇರಿತ ಕಡಿತವನ್ನು ಒಪ್ಪಿಕೊಂಡೆ. ನನ್ನ ತಮ್ಮ ಬಾಡಿಗೆಯ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದಾನೆ, ಮತ್ತೆ ಯೋಚಿಸಿದರೆ ಮೊದಲು ಕಂಪನಿಗೆ ಬರೆದು ಕೇಳುತ್ತೇನೆಂದು ಒಪ್ಪಿದ್ದಾನೆ. ಫೋನಿನಲ್ಲಿ ಕೊಟ್ಟ ಉತ್ತರಗಳನ್ನೆಲ್ಲ ಇಮೇಲ್‌ನಲ್ಲಿ ಬರೆಸಿಕೊಂಡಿದ್ದೇನೆ.

ಪಾಲಿಸಿಯ ಪ್ರತಿ ಇಂದು ಬೆಳಿಗ್ಗೆ ಬಂತು. ನೋಂದಣಿ ಪತ್ರದ ಜೊತೆ ಸಾಲು ಸಾಲಾಗಿ ಹೋಲಿಸಿ ಓದಿದಾಗ ಎಂಜಿನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿ ಬಿದ್ದಿರುವುದು ಕಂಡಿತು. ಹಳೆಯ ಪಾಲಿಸಿಯನ್ನು ತೆಗೆದು ನೋಡಿದೆ, ಅದೇ ತಪ್ಪು ಅದರಲ್ಲಿಯೂ ಮೂರು ವರ್ಷದಿಂದ ಇತ್ತು. ತಿದ್ದುಪಡಿಗೆ ನೋಂದಣಿ ಪತ್ರದ ನಕಲನ್ನು ಕಳುಹಿಸಿದ್ದೇನೆ. ಹಳೆಯ ಪಾಲಿಸಿ ಮುಗಿಯಲು ಇನ್ನೂ ಐದು ದಿನ ಇದೆ.